ಪ್ರವಾಸ ರದ್ದಾಯ್ತು, ಈಗೇನು ಮಾಡೋದು? ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಏಪ್ರಿಲ್ 22ರಂದು ಪಹಲ್ಗಾಮ್ ಹತ್ತಿರದ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರು 26 ಜನರನ್ನು ಕೊಂದರು. ಸತ್ತವರಲ್ಲಿ ನಮ್ಮ ರಾಜ್ಯದವರೂ ಇದ್ದರು. ಮಕ್ಕಳಿಗೆ ಆಗ ಬೇಸಿಗೆ ರಜೆ. ಮೈಸೂರಿನ ಎಷ್ಟೋ ಮನೆಗಳಲ್ಲಿ ಕಾಶ್ಮೀರದ ಟಿಕೆಟ್ ರೆಡಿಯಾಗಿತ್ತು. ನಮ್ಮ ಮನೆಯಲ್ಲೂ ಇತ್ತು. ಮೇ 7ಕ್ಕೆ ಆಪರೇಷನ್ ಸಿಂಧೂರ ಆಯಿತು. ಅದರ ಬೆನ್ನಲ್ಲೇ ಶ್ರೀನಗರ, ಜಮ್ಮು, ಲೇಹ್, ಅಮೃತಸರ ಸೇರಿ ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣಗಳು ಮುಚ್ಚಿದವು. ನಮ್ಮ ಪ್ರವಾಸ ಅಲ್ಲಿಗೆ ಮುಗಿಯಿತು.

ಆಮೇಲೆ ಸೆಪ್ಟೆಂಬರ್‌ನಲ್ಲಿ ನೇಪಾಳದಲ್ಲಿ ಗಲಾಟೆಯಾದಾಗ ಮುಕ್ತಿನಾಥಕ್ಕೆ ಹೊರಟವರು ಪರದಾಡಿದರು. ನಾನು ವಕೀಲೆ ಅಲ್ಲ, ಟ್ರಾವೆಲ್ ಏಜೆಂಟೂ ಅಲ್ಲ. ದುಡ್ಡು ವಾಪಸ್ ಪಡೆಯಲು ಓಡಾಡುತ್ತಾ ನಿಯಮ ಓದಿಕೊಂಡವಳು. ಅಂದಿನಿಂದ ಬಂಧುಗಳು, ಬಡಾವಣೆಯವರು, ಮಂಡ್ಯದಲ್ಲಿರುವ ನಮ್ಮತ್ತೆಯ ಕಡೆಯವರು ಕೇಳುವ ಪ್ರಶ್ನೆಗಳೆಲ್ಲ ಇಲ್ಲಿವೆ.

ಟಿವಿಯಲ್ಲಿ ಸುದ್ದಿ ಬಂತು. ಮೊದಲು ಏನು ಮಾಡಬೇಕು?

ಕ್ಯಾನ್ಸಲ್ ಬಟನ್ ಒತ್ತಬೇಡಿ. ಇವತ್ತು ರಾತ್ರಿಯಂತೂ ಬೇಡ.

ಇದರಲ್ಲಿ ಎರಡು ಬೇರೆ ಬೇರೆ ತೀರ್ಮಾನಗಳಿವೆ. ಹೋಗೋದಾ ಬೇಡವಾ ಅನ್ನೋದು ಒಂದು. ಅದನ್ನು ಜೀವದ ಲೆಕ್ಕದಲ್ಲಿ ಮಾತ್ರ ತೀರ್ಮಾನಿಸಿ. ಈಗಲೇ ‘ಹೋಗಲ್ಲ’ ಅಂತ ನಿರ್ಧರಿಸಿದರೂ ಸರಿ. ಟಿಕೆಟ್ ಯಾವಾಗ ರದ್ದು ಮಾಡೋದು ಅನ್ನೋದು ಎರಡನೆಯದು. ಅದು ದುಡ್ಡಿನ ಲೆಕ್ಕ. ಗಾಬರಿಯಲ್ಲಿ ಎರಡನ್ನೂ ಕಲಸಿದರೆ ನಷ್ಟ ನಿಮಗೇ.

ಯಾಕೆಂದರೆ ರದ್ದು ಮಾಡಿದ್ದು ಯಾರು ಅನ್ನುವುದರ ಮೇಲೆ ದುಡ್ಡು ನಿಂತಿದೆ. ನೀವು ರದ್ದು ಮಾಡಿದರೆ ಕಂಪನಿಯ ಕಡಿತದ ನಿಯಮ ನಿಮಗೆ ಅನ್ವಯಿಸುತ್ತೆ. ಅವರೇ ರದ್ದು ಮಾಡಿದರೆ ಪೂರ್ತಿ ಹಣ ಕೇಳುವ ಹಕ್ಕು ನಿಮ್ಮದು. ನಮ್ಮ ರಸ್ತೆಯಲ್ಲೇ ಒಂದು ಮನೆಯವರು ಸುದ್ದಿ ನೋಡಿದ ರಾತ್ರಿಯೇ ಎಲ್ಲ ರದ್ದು ಮಾಡಿದರು. ಮರುದಿನ ವಿಮಾನ ಕಂಪನಿಗಳು ಶ್ರೀನಗರದ ಟಿಕೆಟ್‌ಗೆ ಕಡಿತ ಇಲ್ಲ ಅಂತ ಪ್ರಕಟಿಸಿದವು. ಆ ಮನೆಯವರ ಹೊಟ್ಟೆ ಎಷ್ಟು ಉರಿದಿರಬೇಕು!

ಹಾಗಂತ ಎಲ್ಲಿಯವರೆಗೆ ಕಾಯೋದು?

ನಿಮ್ಮ ಟಿಕೆಟ್, ಹೋಟೆಲ್, ಪ್ಯಾಕೇಜ್ ಮೂರನ್ನೂ ತೆಗೆದು, ಯಾವ ದಿನ ದಾಟಿದರೆ ಕಡಿತ ಜಾಸ್ತಿ ಆಗುತ್ತೆ ಅನ್ನೋದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಹೋಟೆಲ್‌ಗೆ ಸಾಮಾನ್ಯವಾಗಿ ಒಂದು ಕೊನೆಯ ದಿನ ಇರುತ್ತೆ. ಅಲ್ಲಿಯವರೆಗೆ ರದ್ದು ಮಾಡಿದರೆ ಪೂರ್ತಿ ಹಣ ಬರುತ್ತೆ. ಮೊದಲು ಬರುವ ದಿನಾಂಕದ ಹಿಂದಿನ ದಿನದವರೆಗೂ ಕಾಯಬಹುದು. ಆ ಹೊತ್ತಿಗೆ ಸರ್ಕಾರ ಅಥವಾ ಕಂಪನಿ ಏನಾದರೂ ಹೇಳಿರುತ್ತೆ. ಪಹಲ್ಗಾಮ್ ದಾಳಿಯ ನಂತರ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೇ, ಅಂದರೆ ಎಲ್ಲರೂ ಡಿಜಿಸಿಎ ಅನ್ನುವ ಕಚೇರಿಯೇ, ಕಡಿತ ಮನ್ನಾ ಮಾಡಿ ಅಂತ ಕಂಪನಿಗಳಿಗೆ ಸೂಚಿಸಿತ್ತು.

ಮನ್ನಾ ಪ್ರಕಟಣೆ ಬಂದಾಗ ಎರಡು ದಿನಾಂಕ ನೋಡಿ. ಯಾವ ದಿನದೊಳಗೆ ಬುಕ್ ಮಾಡಿರಬೇಕು, ಯಾವ ದಿನದವರೆಗಿನ ಪ್ರಯಾಣಕ್ಕೆ ಅನ್ವಯ. ನಿಮ್ಮ ಪ್ರಯಾಣ ಆ ಅವಧಿಯ ಆಚೆ ಇದ್ದರೆ ಇನ್ನೂ ಸ್ವಲ್ಪ ಕಾಯಿರಿ, ಇಂಥ ಅವಧಿಯನ್ನು ಮುಂದಕ್ಕೆ ಹಾಕುವುದುಂಟು.

ಒಂದು ಎಚ್ಚರಿಕೆ. ವಿಮಾನ ಹೊರಡುವವರೆಗೂ ಸುಮ್ನೆ ಕೂರಬೇಡಿ. ವಿಮಾನ ಹಾರಿ ನೀವು ಹತ್ತದೇ ಹೋದರೆ ‘ಪ್ರಯಾಣಿಕ ಬರಲಿಲ್ಲ’ ಅಂತ ಬರೆದುಕೊಳ್ಳುತ್ತಾರೆ. ಆಗ ಮೂಲ ದರದ ಆಸೆ ಬಿಡಬೇಕು.

ವಿಮಾನ ಕಂಪನಿಯೇ ರದ್ದು ಮಾಡಿದರೆ ಏನೇನು ಸಿಗುತ್ತೆ?

ಬೇರೆ ವಿಮಾನ, ಇಲ್ಲವೇ ಪೂರ್ತಿ ಹಣ. ಆಯ್ಕೆ ನಿಮ್ಮದು. ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಿದ್ದರೆ 7 ದಿನದೊಳಗೆ ಹಣ ಹಾಕಬೇಕು ಅಂತ ಡಿಜಿಸಿಎ ನಿಯಮವಿದೆ. ಏಜೆಂಟ್ ಅಥವಾ ಆ್ಯಪ್ ಮೂಲಕ ಆಗಿದ್ದರೆ ಇನ್ನೂ ಜಾಸ್ತಿ ದಿನ ಹಿಡಿಯುತ್ತೆ. ಆದರೂ ಹಣ ವಾಪಸ್ ಬರುವಂತೆ ನೋಡಿಕೊಳ್ಳುವ ಹೊಣೆ ವಿಮಾನ ಕಂಪನಿಯದೇ. ‘ಏಜೆಂಟ್‌ನ ಕೇಳಿ’ ಅಂತ ಅವರು, ‘ಕಂಪನಿ ಕೊಟ್ಟಿಲ್ಲ’ ಅಂತ ಏಜೆಂಟ್ ಹೇಳುತ್ತಾ ಓಡಾಡಿಸಿದರೆ ಈ ಮಾತು ನೆನಪಿಸಿ.

‘ನಿಮ್ಮ ಹಣ ಕ್ರೆಡಿಟ್ ಶೆಲ್‌ನಲ್ಲಿದೆ, ಮುಂದಿನ ಪ್ರಯಾಣಕ್ಕೆ ಬಳಸಿ’ ಅಂತ ಮೆಸೇಜ್ ಬರಬಹುದು. ಬೇಕಿದ್ದರೆ ಒಪ್ಪಿಕೊಳ್ಳಿ. ಬೇಡ ಅನ್ನಿಸಿದರೆ ಹಣವೇ ಬೇಕು ಅಂತ ಬರೆಯಿರಿ. ಹಣವನ್ನು ಹಾಗೆ ಇಟ್ಟುಕೊಳ್ಳುವುದು ಪ್ರಯಾಣಿಕರ ಇಷ್ಟಕ್ಕೆ ಬಿಟ್ಟದ್ದು, ಕಂಪನಿ ತಾನಾಗಿ ಹಾಗೆ ಮಾಡುವಂತಿಲ್ಲ ಅಂತ ನಿಯಮದಲ್ಲೇ ಇದೆ.

ಪರಿಹಾರ ಅಂತ ಮೇಲೆ ಇನ್ನಷ್ಟು ಹಣ ಸಿಗುತ್ತಾ ಅಂತಲೂ ಕೇಳುತ್ತಾರೆ. ಸಿಗಲ್ಲ. ಯುದ್ಧ, ದಂಗೆ, ಸರ್ಕಾರದ ಆದೇಶ ಇವೆಲ್ಲ ಕಂಪನಿಯ ಕೈ ಮೀರಿದ ಕಾರಣಗಳು.

ವಿಮಾನ ಹಾರುತ್ತಿದೆ. ಆದರೆ ನಮಗೇ ಭಯ. ಟಿಕೆಟ್ ದುಡ್ಡು ಪೂರ್ತಿ ಹೋಯಿತಾ?

ಪೂರ್ತಿ ಹೋಗಲ್ಲ. ಟಿಕೆಟ್‌ನ ಮೇಲ್ ತೆಗೆದು ದರದ ವಿವರ ನೋಡಿ. ಮೂಲ ದರ ಒಂದು ಸಾಲು. ಇಂಧನದ ಸರ್‌ಚಾರ್ಜ್ ಇದ್ದರೆ ಇನ್ನೊಂದು ಸಾಲು. ಅದರ ಕೆಳಗೆ ಬಳಕೆದಾರರ ಅಭಿವೃದ್ಧಿ ಶುಲ್ಕ, ಭದ್ರತಾ ಶುಲ್ಕ, ಜಿಎಸ್‌ಟಿ ಅಂತ ಸಣ್ಣ ಸಣ್ಣ ಸಾಲುಗಳಿರುತ್ತವೆ. ಕಡೆಯಲ್ಲಿ ಆ್ಯಪ್‌ನವರ ಸೇವಾ ಶುಲ್ಕ.

ಕಂಪನಿ ಎಷ್ಟೇ ಕಡಿದರೂ ಮೊದಲ ಎರಡು ಸಾಲಿನ ಮೊತ್ತ ಮೀರಿ ಕಡಿಯುವಂತಿಲ್ಲ. ‘ಹಣ ವಾಪಸಿಲ್ಲ’ ಅಂತ ಬರೆದ ಅಗ್ಗದ ಟಿಕೆಟ್ ಆದರೂ ವಿಮಾನ ನಿಲ್ದಾಣದ ಶುಲ್ಕ, ತೆರಿಗೆ ವಾಪಸ್ ಕೊಡಲೇಬೇಕು. ನಾಲ್ಕೈದು ಜನರ ಕುಟುಂಬಕ್ಕೆ ಇದು ಸಾವಿರಗಳಲ್ಲಿ ಬರುವ ಮೊತ್ತ. ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ.

ಬೆಂಗಳೂರು–ದೆಹಲಿ ಒಂದು ಕಂಪನಿ, ದೆಹಲಿ–ಶ್ರೀನಗರ ಇನ್ನೊಂದು. ಶ್ರೀನಗರದ್ದು ಮಾತ್ರ ರದ್ದಾಗಿದೆ. ದೆಹಲಿಯದ್ದು ವಾಪಸ್ ಬರುತ್ತಾ?

ಜಾಸ್ತಿ ಜನರಿಗೆ ಪೆಟ್ಟು ಬೀಳುವುದು ಇಲ್ಲೇ. ಎರಡೂ ಒಂದೇ ಪಿಎನ್‌ಆರ್‌ನಲ್ಲಿದ್ದರೆ, ಅಂದರೆ ಒಂದೇ ಬುಕಿಂಗ್ ನಂಬರ್‌ನಲ್ಲಿದ್ದರೆ, ಅದು ಒಂದೇ ಪ್ರಯಾಣ. ಒಂದು ತುಂಡು ರದ್ದಾದರೆ ಪೂರ್ತಿ ಪ್ರಯಾಣದ ಹಣ ಕೇಳಬಹುದು. ಬೇರೆ ಬೇರೆ ಪಿಎನ್‌ಆರ್ ಆದರೆ ದೆಹಲಿ ವಿಮಾನದವರಿಗೆ ನೀವು ಶ್ರೀನಗರಕ್ಕೆ ಹೊರಟದ್ದೇ ಗೊತ್ತಿಲ್ಲ. ಅವರ ವಿಮಾನ ಹಾರುತ್ತಿದೆ, ಹಾಗಾಗಿ ಕಡಿತ ಮಾಡುತ್ತಾರೆ. ಅಗ್ಗಕ್ಕೆ ಸಿಕ್ಕಿತು ಅಂತ ತುಂಡು ತುಂಡಾಗಿ ಬುಕ್ ಮಾಡಿದ್ದರೆ ಆ ಕಡಿತ ತಪ್ಪಿಸಿಕೊಳ್ಳುವುದು ಕಷ್ಟ.

ಆದರೂ ಒಂದು ಮೇಲ್ ಹಾಕಿ. ಶ್ರೀನಗರದ ವಿಮಾನ ರದ್ದಾದ ಸಂದೇಶವನ್ನು ಜೊತೆಗಿಡಿ, ಹಣ ಬೇಡ, ದಿನಾಂಕ ಬದಲಾಯಿಸಿಕೊಡಿ ಅಂತ ಕೇಳಿ. ನಮಗೆ ಹೀಗೆ ಕೇಳಿದ ಮೇಲೆ ದಿನಾಂಕ ಬದಲಾವಣೆಯ ಶುಲ್ಕ ಬಿಟ್ಟರು, ದರದ ವ್ಯತ್ಯಾಸ ಮಾತ್ರ ಕಟ್ಟಿಸಿಕೊಂಡರು. ಇದು ಅವರ ಕೃಪೆ, ನಮ್ಮ ಹಕ್ಕಲ್ಲ. ಅದಕ್ಕೇ ಫೋನ್‌ನಲ್ಲಿ ಜಗಳ ಮಾಡುವುದಕ್ಕಿಂತ ಮರ್ಯಾದೆಯಿಂದ ಬರೆದು ಕೇಳುವುದು ಒಳ್ಳೆಯದು.

ಬೆಂಗಳೂರು ವಿಮಾನ ನಿಲ್ದಾಣಕ್ಕೆ ಮೈಸೂರಿನಿಂದ ಕಾಯ್ದಿರಿಸಿದ ಫ್ಲೈಬಸ್ ಸೀಟನ್ನೂ ಮರೆಯದೆ ರದ್ದು ಮಾಡಿ.

ರೈಲಿನ ಟಿಕೆಟ್?

ರೈಲ್ವೆಯವರೇ ರೈಲು ರದ್ದು ಮಾಡಿದರೆ ಪೂರ್ತಿ ಹಣ. ಇ-ಟಿಕೆಟ್ ಆಗಿದ್ದರೆ ಹಣ ತಾನಾಗಿಯೇ ಖಾತೆಗೆ ಬರುತ್ತೆ. ಕೌಂಟರ್‌ನಲ್ಲಿ ಕೊಂಡ ಟಿಕೆಟ್ ಆದರೆ ಕೌಂಟರ್‌ಗೇ ಹೋಗಬೇಕು. ರೈಲು 3 ಗಂಟೆಗಿಂತ ಜಾಸ್ತಿ ತಡವಾಗಿ ನೀವು ಹತ್ತದಿದ್ದರೂ ಪೂರ್ತಿ ಹಣ ಸಿಗುತ್ತೆ. ಆದರೆ ರೈಲು ಹೊರಡುವ ಮೊದಲೇ ಟಿಡಿಆರ್, ಅಂದರೆ ಹಣ ವಾಪಸ್ ಕೇಳುವ ಅರ್ಜಿ, ಸಲ್ಲಿಸಿರಬೇಕು.

ಮೈಸೂರಿನಿಂದ ಸ್ವರ್ಣ ಜಯಂತಿಯಲ್ಲಿ ನಿಜಾಮುದ್ದೀನ್‌ವರೆಗೆ ಹೋಗಿ ಅಲ್ಲಿಂದ ಜಮ್ಮು ರೈಲು ಹತ್ತುವವರಿಗೆ ವಿಮಾನದವರ ಕಷ್ಟವೇ ಬರುತ್ತೆ. ಜಮ್ಮು ರೈಲು ರದ್ದಾದರೂ ಸ್ವರ್ಣ ಜಯಂತಿ ಹೊರಡುತ್ತೆ. ಅದನ್ನು ನೀವೇ ರದ್ದು ಮಾಡಬೇಕು, ಮುಂಚೆ ಮಾಡಿದಷ್ಟೂ ಕಡಿತ ಕಮ್ಮಿ. ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ ನೀವಾಗಿ ರದ್ದು ಮಾಡಿದರೆ ಏನೂ ಬರಲ್ಲ.

ಟೂರ್ ಏಜೆನ್ಸಿಯವರು ‘ದುಡ್ಡೆಲ್ಲ ಹೋಟೆಲ್‌ಗೆ ಕಳಿಸಿಬಿಟ್ಟಿದ್ದೇವೆ, ವಾಪಸ್ ಬರಲ್ಲ’ ಅನ್ನುತ್ತಾರೆ. ನಿಜಾನಾ?

ನಿಜವೂ ಇರಬಹುದು, ಅರ್ಧ ನಿಜವೂ ಇರಬಹುದು. ಬಾಯಿಮಾತು ನಂಬಬೇಡಿ, ಲೆಕ್ಕ ಕೇಳಿ.

ನಮಗೂ ಇದೇ ಉತ್ತರ ಬಂತು. ನಾವು ದುಡ್ಡು ಕಟ್ಟಿದ್ದ ಏಜೆನ್ಸಿಯವರು ಮೊದಲ ವಾರ ಫೋನ್ ಎತ್ತಲಿಲ್ಲ. ಆಮೇಲೆ ‘ಮೇಡಂ, ಎಲ್ಲರದ್ದೂ ಇದೇ ಕಥೆ, ಮುಂದಿನ ವರ್ಷ ಹೋಗಿಬನ್ನಿ’ ಅಂದರು. ನಾವು ಜಗಳ ಆಡಲಿಲ್ಲ. ನಾಲ್ಕು ಪ್ರಶ್ನೆ ಬರೆದು ಮೇಲ್ ಹಾಕಿದೆವು. ನಮ್ಮ ಹಣದಲ್ಲಿ ವಿಮಾನಕ್ಕೆ ಎಷ್ಟು, ಹೋಟೆಲ್‌ಗೆ ಎಷ್ಟು, ಗಾಡಿಗೆ ಎಷ್ಟು, ನಿಮ್ಮ ಸೇವೆಗೆ ಎಷ್ಟು? ಯಾವುದನ್ನು ಯಾವ ದಿನ ಕಳಿಸಿದಿರಿ? ರಸೀದಿ ಎಲ್ಲಿ? ಅವರಿಂದ ವಾಪಸ್ ಬಂದದ್ದೆಷ್ಟು? ಲೆಕ್ಕ ಬಂದಾಗ ನೋಡಿದರೆ ಗಾಡಿಯವರಿಗೆ ಒಂದು ಪೈಸೆಯೂ ಹೋಗಿರಲಿಲ್ಲ. ವಿಮಾನ ಕಂಪನಿಯಿಂದ ಪೂರ್ತಿ ಹಣ ಏಜೆನ್ಸಿಗೆ ಬಂದಾಗಿತ್ತು. ಬಾಕಿ ಉಳಿದದ್ದು ಹೋಟೆಲ್‌ನದ್ದು ಮಾತ್ರ.

ಕಾನೂನಿನ ಬಲವೂ ಇದೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ ಸೆಕ್ಷನ್ 56ರ ಪ್ರಕಾರ, ಒಪ್ಪಂದ ಆದಮೇಲೆ ಆ ಕೆಲಸ ಮಾಡುವುದೇ ಅಸಾಧ್ಯವಾದರೆ ಒಪ್ಪಂದ ಅನೂರ್ಜಿತವಾಗುತ್ತೆ. ಸೆಕ್ಷನ್ 65ರ ಪ್ರಕಾರ ಅಂಥ ಒಪ್ಪಂದದಿಂದ ಒಬ್ಬರು ಪಡೆದ ಲಾಭವನ್ನು ಇನ್ನೊಬ್ಬರಿಗೆ ಹಿಂದಿರುಗಿಸಬೇಕು. ವಿಮಾನ ನಿಲ್ದಾಣವೇ ಮುಚ್ಚಿದ್ದಾಗ, ನೋಡಬೇಕಾದ ಜಾಗಕ್ಕೆ ಸರ್ಕಾರವೇ ಬೀಗ ಹಾಕಿದ್ದಾಗ ಈ ಮಾತಿಗೆ ತೂಕ ಜಾಸ್ತಿ. ಬರೀ ನಮ್ಮ ಭಯಕ್ಕೆ ಅಷ್ಟು ತೂಕ ಇಲ್ಲ. ಅದಕ್ಕೇ ಸರ್ಕಾರದ ಆದೇಶ, ಮುಚ್ಚಿದ ದಿನಾಂಕ, ಪತ್ರಿಕೆಯ ಸುದ್ದಿ ಎಲ್ಲ ತೆಗೆದಿಡಿ.

ನಿಮ್ಮ ಬುಕಿಂಗ್ ಫಾರಂನಲ್ಲಿ ‘ಕೈ ಮೀರಿದ ಕಾರಣಗಳಿಗೆ ನಾವು ಹೊಣೆಯಲ್ಲ’ ಅಂತ ಒಂದು ಸಾಲು ಇದ್ದೇ ಇರುತ್ತೆ. ಹೊಣೆಯಲ್ಲ ಅಂದರೆ ನಿಮಗೆ ಪರಿಹಾರ ಕೊಡಬೇಕಿಲ್ಲ ಅಂತ. ತಮ್ಮ ಕೈಯಲ್ಲೇ ಉಳಿದಿರುವ ನಿಮ್ಮ ಹಣ ಇಟ್ಟುಕೊಳ್ಳಬಹುದು ಅಂತ ಅಲ್ಲ.

ವೋಚರ್ ಕೊಟ್ಟರೆ ಮೂರು ವಿಷಯ ಬರೆಸಿಕೊಳ್ಳಿ. ಎಷ್ಟು ತಿಂಗಳು ನಡೆಯುತ್ತೆ, ಬೇರೆ ಊರಿನ ಪ್ರವಾಸಕ್ಕೂ ಬಳಸಬಹುದಾ, ಬಳಸದಿದ್ದರೆ ಹಣ ಕೊಡುತ್ತಾರಾ. ಮೂರನೆಯದಕ್ಕೆ ‘ಇಲ್ಲ’ ಅಂದರೆ ವೋಚರ್ ಮುಟ್ಟಬೇಡಿ. ಒಮ್ಮೆ ಒಪ್ಪಿಕೊಂಡರೆ ಆಮೇಲೆ ಹಣ ಕೇಳುವುದು ಕಷ್ಟ.

ನಮ್ಮ ಟೂರ್ ಮಾಡಿಸುವವನು ನಮ್ಮೂರಿನ ಹುಡುಗ. ಬಿಲ್ ಇಲ್ಲ. ಫೋನ್‌ಪೇನಲ್ಲಿ ಕಳಿಸಿದ್ದೆವು.

ಮಂಡ್ಯ ಕಡೆ ಕಾಶಿ, ನೇಪಾಳ ಯಾತ್ರೆಗಳು ಹೆಚ್ಚಾಗಿ ನಡೆಯುವುದೇ ಹೀಗೆ. ಬೀದಿಯವರೆಲ್ಲ ಸೇರಿ ಪರಿಚಯದವರ ಕೈಗೆ ದುಡ್ಡು ಕೊಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಅಡುಗೆಯವರನ್ನೂ ಕರೆದುಕೊಂಡು ಹೋಗುವ ಆ ಯಾತ್ರೆಗಳು ನಮ್ಮ ಹಿರಿಯರಿಗೆ ದೊಡ್ಡ ಅನುಕೂಲ. ಬಿಲ್ ಇಲ್ಲದಿದ್ದರೂ ಸಾಕ್ಷಿ ಇದೆ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಯುಪಿಐ ವಿವರ ಬರುತ್ತೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಯಾತ್ರೆಯ ಪಟ್ಟಿ, ದರ, ‘ಅಕ್ಕ, ದುಡ್ಡು ಬಂತು’ ಅನ್ನುವ ಅವರ ಮೆಸೇಜ್ ಎಲ್ಲ ಸಾಕ್ಷಿಯೇ. ಇವತ್ತೇ ಸ್ಕ್ರೀನ್‌ಶಾಟ್ ತೆಗೆದಿಡಿ. ಗ್ರೂಪ್ ಡಿಲೀಟ್ ಆದಮೇಲೆ ಪೇಚಾಡಬೇಡಿ.

ಮಾತಾಡುವಾಗ ಒಬ್ಬೊಬ್ಬರೇ ಹೋಗಬೇಡಿ. ಹೋಗಬೇಕಿದ್ದವರೆಲ್ಲ ಒಟ್ಟಿಗೆ ಕೂತು ಮಾತಾಡಿ. ಬಸ್‌ನವರಿಗೆ, ಛತ್ರಕ್ಕೆ ಕೊಟ್ಟ ಮುಂಗಡ ಆ ಹುಡುಗನ ಕೈಗೂ ವಾಪಸ್ ಬಂದಿರಲಿಕ್ಕಿಲ್ಲ. ಬಂದಷ್ಟನ್ನು ಹಂಚಿಕೊಂಡು ಉಳಿದದ್ದಕ್ಕೆ ಕಂತು ಬರೆಸಿಕೊಳ್ಳುವುದು ನ್ಯಾಯ.

ಪ್ರವಾಸ ವಿಮೆ ಮಾಡಿಸಿದ್ದೆವು. ಕೊಡುತ್ತಾರಾ?

ಹೆಚ್ಚಿನ ಪಾಲಿಸಿಗಳಲ್ಲಿ ಯುದ್ಧಕ್ಕೆ ವಿನಾಯಿತಿ ಇರುತ್ತೆ, ಅಂದರೆ ಕೊಡಲ್ಲ. ಉಗ್ರರ ದಾಳಿಗೆ ಕೆಲವು ಪಾಲಿಸಿ ಕೊಡುತ್ತವೆ, ಕೆಲವಕ್ಕೆ ಜಾಸ್ತಿ ಪ್ರೀಮಿಯಂ ಕಟ್ಟಿರಬೇಕು. ‘ಹೆದರಿಕೆ ಆಯಿತು, ಹೋಗಲಿಲ್ಲ’ ಅನ್ನುವುದಕ್ಕೆ ಸಾಮಾನ್ಯ ಪಾಲಿಸಿ ಕೊಡಲ್ಲ. ಸುದ್ದಿ ಬಂದಮೇಲೆ ಕೊಂಡ ಪಾಲಿಸಿ ಆ ಘಟನೆಗೆ ನಡೆಯಲ್ಲ.

ಆದರೂ ಕ್ಲೇಮ್ ಹಾಕಿ. ತಿರಸ್ಕರಿಸಿದರೆ ಯಾವ ಷರತ್ತಿನ ಪ್ರಕಾರ ಅಂತ ಬರಹದಲ್ಲಿ ಕೇಳಿ. ಉತ್ತರ ಸರಿಯಿಲ್ಲ ಅನ್ನಿಸಿದರೆ ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್ ಇದೆ, 155255 ನಂಬರ್ ಇದೆ. ಆಮೇಲೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರು ಬಗೆಹರಿಸುವ ಅಧಿಕಾರಿಯ, ಕಚೇರಿ ಇದೆ. ಅಲ್ಲಿ ದೂರಿಗೆ ಶುಲ್ಕ ಇಲ್ಲ, ವಕೀಲರೂ ಬೇಡ.

ಏನು ಮಾಡಿದರೂ ದುಡ್ಡು ಕೊಡುತ್ತಿಲ್ಲ. ಕೋರ್ಟ್‌ಗೆ ಹೋಗಬೇಕಾ?

ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ವಿಮಾನದ ದೂರಾದರೆ ಏರ್‌ಸೇವಾ ಅನ್ನುವ ಸರ್ಕಾರಿ ದೂರು ಪೋರ್ಟಲ್‌ನಲ್ಲೂ ಹಾಕಿ. ದೊಡ್ಡ ಕಂಪನಿಗಳು ಎಷ್ಟೋ ಸಲ ಈ ಹಂತದಲ್ಲೇ ದಾರಿಗೆ ಬರುತ್ತವೆ.

ಬರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಮೈಸೂರಿನಲ್ಲೂ ಇದೆ, ಮಂಡ್ಯದಲ್ಲೂ ಇದೆ. ಏಜೆನ್ಸಿ ಮುಂಬೈಯದ್ದಾದರೂ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿಂದ ಬಂದ ದೊಡ್ಡ ಅನುಕೂಲ ಇದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಕಾರಣ ಹುಟ್ಟಿದ 2 ವರ್ಷದೊಳಗೆ ಹಾಕಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೂ ಹಾಕಬಹುದು. ದೂರಿಗೆ ಮುಂಚೆ ಒಂದು ನೋಟಿಸ್ ಕಳಿಸಿ. ವಕೀಲರ ಕೈಲೇ ಬರೆಸಬೇಕು ಅಂತೇನಿಲ್ಲ. ಎಷ್ಟು ಕಟ್ಟಿದಿರಿ, ಯಾಕೆ ರದ್ದಾಯಿತು, ಎಷ್ಟು ಬರಬೇಕು, ಎಷ್ಟು ದಿನದೊಳಗೆ ಅನ್ನುವ ಒಂದು ಪುಟ ಸಾಕು, ಸ್ಪೀಡ್ ಪೋಸ್ಟ್‌ನಲ್ಲಿ ಹಾಕಿ ರಸೀದಿ ಇಟ್ಟುಕೊಳ್ಳಿ.

ಆಯೋಗದಲ್ಲಿ ಕಾಲ ಹಿಡಿಯುತ್ತೆ. ಸಣ್ಣ ಮೊತ್ತಕ್ಕೆ ಓಡಾಟ ಬೇಕಾ ಅಂತ ಯೋಚಿಸಿ. ನನ್ನನ್ನು ಕೇಳಿದರೆ, ಮೋಸ ಮಾಡಿದವರ ಮೇಲೆ ಹಾಕಿ. ನಿಜವಾಗಿ ನಷ್ಟವಾದವರ ಹತ್ತಿರ ಕೂತು ಬಗೆಹರಿಸಿಕೊಳ್ಳಿ.

ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಿದ್ದೆ. ಏನಾದರೂ ಅನುಕೂಲ ಇದೆಯಾ?

ಇದೆ. ಸೇವೆ ಸಿಗಲಿಲ್ಲ ಅಂತ ಕಾರ್ಡ್ ಕೊಟ್ಟ ಬ್ಯಾಂಕ್‌ಗೆ ಡಿಸ್ಪ್ಯೂಟ್, ಅಂದರೆ ತಕರಾರು, ಹಾಕಬಹುದು. ಇದಕ್ಕೆ ಸಮಯದ ಮಿತಿ ಇದೆ, ತಡ ಮಾಡಬೇಡಿ.

‘ನಿಮ್ಮ ರಿಫಂಡ್ ಬಂದಿದೆ, ಈ ಲಿಂಕ್ ಒತ್ತಿ’ ಅಂತ ಫೋನ್ ಬಂತು.

ಒತ್ತಬೇಡಿ! ಇಂಥ ಹೊತ್ತಿನಲ್ಲಿ ಜನ ಗಾಬರಿಯಲ್ಲಿರುತ್ತಾರೆ ಅಂತ ಕಳ್ಳರಿಗೆ ಚೆನ್ನಾಗಿ ಗೊತ್ತು. ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್’ ಅಂತ ಹುಡುಕಿದರೆ ನಕಲಿ ನಂಬರ್‌ಗಳೂ ಬರುತ್ತವೆ. ಕಂಪನಿಯ ಆ್ಯಪ್‌ನಲ್ಲಿ, ಟಿಕೆಟ್ ಮೇಲೆ ಇರುವ ನಂಬರ್ ಮಾತ್ರ ನಂಬಿ. ದುಡ್ಡು ವಾಪಸ್ ಪಡೆಯಲು ಯುಪಿಐ ಪಿನ್ ಹಾಕಬೇಕಾಗಿಲ್ಲ, ಓಟಿಪಿ ಹೇಳಬೇಕಾಗಿಲ್ಲ, ಇನ್ನೊಂದು ಆ್ಯಪ್ ಹಾಕಿಕೊಳ್ಳಬೇಕಾಗಿಲ್ಲ. ದುಡ್ಡು ಹೋಗಿಬಿಟ್ಟಿದ್ದರೆ ಅದೇ ಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೊದಲ ಗಂಟೆ ಬಹಳ ಮುಖ್ಯ.

ನಮ್ಮವರು ಕೇಂದ್ರ ಸರ್ಕಾರದ ನೌಕರರು. ಎಲ್‌ಟಿಸಿ, ಅಂದರೆ ರಜೆ ಪ್ರವಾಸದ ಭತ್ಯೆಯ, ಮುಂಗಡ ತೆಗೆದುಕೊಂಡಿದ್ದೆವು.

ಮೈಸೂರಿನಲ್ಲಿ ಈ ಪ್ರಶ್ನೆ ಜಾಸ್ತಿ ಬರುತ್ತೆ. ಜಮ್ಮು ಕಾಶ್ಮೀರಕ್ಕೆ ವಿಮಾನದಲ್ಲಿ ಹೋಗಲು ಎಲ್‌ಟಿಸಿಯಲ್ಲಿ ವಿಶೇಷ ಸಡಿಲಿಕೆ ಇರುವುದರಿಂದ ಎಷ್ಟೋ ನೌಕರರು ಆ ಕಡೆ ಹೊರಡುತ್ತಾರೆ. ಪ್ರಯಾಣ ಆಗದಿದ್ದರೆ ಮುಂಗಡ ವಾಪಸ್ ಕಟ್ಟಬೇಕು. ತಡವಾದರೆ ದಂಡದ ಬಡ್ಡಿ ಬೀಳುತ್ತೆ. ಹಾಗಾಗಿ ವಿಮಾನ ಕಂಪನಿಯ ಹಣ ಬರಲಿ ಅಂತ ಕಾಯದೆ ಮೊದಲು ಅಕೌಂಟ್ಸ್ ವಿಭಾಗಕ್ಕೆ ಬರೆದು ತಿಳಿಸಿ, ರದ್ದಾದ ಸಂದೇಶ ಲಗತ್ತಿಸಿ. ರಜೆ ರದ್ದು ಮಾಡುವ ಅರ್ಜಿಯನ್ನೂ ಜೊತೆಗೇ ಕೊಡಿ.

ಹೊರಟಾಗಿದೆ. ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇವೆ.

2025ರ ಸೆಪ್ಟೆಂಬರ್ 9ರಂದು ಕಠ್ಮಂಡುವಿನ ತ್ರಿಭುವನ್ ವಿಮಾನ ನಿಲ್ದಾಣ ಮುಚ್ಚಿದಾಗ ಕರ್ನಾಟಕದವರೂ ಅಲ್ಲಿದ್ದರು. ಮರುದಿನ ನಿಲ್ದಾಣ ತೆರೆಯಿತು. ಆ ಒಂದು ದಿನ ಹೋಟೆಲ್‌ನಲ್ಲೇ ಕೂತಿದ್ದವರಲ್ಲಿ ಹೆಚ್ಚಿನವರು ಕ್ಷೇಮವಾಗಿದ್ದರು. ನಾನು ಎಲ್ಲರಿಗೂ ಹೇಳೋದು ಇದನ್ನೇ. ಗಲಾಟೆ ನಡೆಯುತ್ತಿರುವಾಗ ಟ್ಯಾಕ್ಸಿ ಮಾಡಿಕೊಂಡು ಗಡಿ ಕಡೆಗೆ ಓಡಬೇಡಿ. ಇದ್ದಲ್ಲೇ ಇರಿ. ಭಾರತೀಯ ರಾಯಭಾರ ಕಚೇರಿಯ ಸಹಾಯವಾಣಿಗೆ ಹೆಸರು, ಜಾಗ, ಎಷ್ಟು ಜನ ಅಂತ ತಿಳಿಸಿ. ಊರಿನಲ್ಲಿರುವ ಮನೆಯವರು ಜಿಲ್ಲಾಧಿಕಾರಿ ಕಚೇರಿಗೆ ಮತ್ತು ರಾಜ್ಯದ ತುರ್ತು ನಿರ್ವಹಣಾ ಕೇಂದ್ರದ 1070ಕ್ಕೆ ಅದೇ ವಿವರ ಕೊಡಲಿ.

ಗುರುತಿನ ಚೀಟಿ, ಔಷಧಿ, ಸ್ವಲ್ಪ ನಗದು ಸೂಟ್‌ಕೇಸ್‌ನಲ್ಲಿ ಇರಬಾರದು, ಮೈಮೇಲೇ ಇರಬೇಕು. ಬಿಪಿ, ಶುಗರ್ ಇರುವವರು ಪ್ರವಾಸದ ದಿನಗಳಿಗಿಂತ ಒಂದು ವಾರದ ಮಾತ್ರೆ ಜಾಸ್ತಿ ಇಟ್ಟುಕೊಂಡೇ ಮನೆ ಬಿಡಿ.

ಯಾವ ಸುದ್ದಿ ನಂಬಬೇಕು?

ವಾಟ್ಸ್ಆ್ಯಪ್ ಫಾರ್ವರ್ಡ್ ನಂಬಬೇಡಿ. ಟಿವಿಯನ್ನೂ ಪೂರ್ತಿ ನಂಬಬೇಡಿ. ಮೇ ತಿಂಗಳ ಆ ರಾತ್ರಿಗಳಲ್ಲಿ ಚಾನೆಲ್‌ಗಳಲ್ಲಿ ಕೂಗಿ ಹೇಳಿದ ಎಷ್ಟೋ ಸುದ್ದಿ ಮರುದಿನ ಸುಳ್ಳಾಯಿತು. ದೇಶದೊಳಗಾದರೆ ವಿಮಾನ ಕಂಪನಿಯ ಅಧಿಕೃತ ಪುಟ, ಆ ರಾಜ್ಯದ ಪ್ರವಾಸೋದ್ಯಮ ಇಲಾಖೆ, ಕೇಂದ್ರ ಸರ್ಕಾರದ ವಾರ್ತಾ ಕಚೇರಿ ಪಿಐಬಿ. ಹೊರದೇಶವಾದರೆ ವಿದೇಶಾಂಗ ಸಚಿವಾಲಯದ ಸಲಹೆ. ಅದರಲ್ಲಿ ‘ಅನಗತ್ಯ ಪ್ರಯಾಣ ಬೇಡ’ ಅಂತಿದ್ದರೆ ಆ ಪುಟವನ್ನು ದಿನಾಂಕದ ಸಮೇತ ಉಳಿಸಿಕೊಳ್ಳಿ. ಏಜೆನ್ಸಿಯ ಹತ್ತಿರ ಹಣ ಕೇಳುವಾಗ ಅದಕ್ಕಿಂತ ಒಳ್ಳೆಯ ಕಾಗದ ಇಲ್ಲ.

ಅಲ್ಲಿ ಜನ ಪ್ರಾಣ ಕಳೆದುಕೊಂಡಿದ್ದಾರೆ. ನಮಗೆ ಟೂರ್ ಹೋಯ್ತಲ್ಲಾ ಅಂತ ಬೇಜಾರು. ಇದು ತಪ್ಪಾ?

ತಪ್ಪಲ್ಲ.

ನಮ್ಮತ್ತೆ ಮಂಡ್ಯದ ಹತ್ತಿರದ ಹಳ್ಳಿಯವರು. ಗದ್ದೆ, ಮನೆ, ಮಕ್ಕಳು ಅಂತಲೇ ಕಾಲ ಕಳೆದವರು. ಹಿಮ ನೋಡಬೇಕು ಅನ್ನೋದು ಅವರ ಬಹುದಿನದ ಆಸೆ. ಟಿಬೆಟಿಯನ್ನರ ಅಂಗಡಿಯಲ್ಲಿ ಕೊಂಡ ಕಡುಗೆಂಪು ಸ್ವೆಟರ್ ಬಿಸಿಲಿಗೆ ಹಾಕಿ, ಮಡಿಸಿ, ಬೇವಿನ ಎಲೆ ಇಟ್ಟು ಎತ್ತಿಟ್ಟಿದ್ದರು. ಕೋಡುಬಳೆ, ಚಟ್ನಿಪುಡಿ, ಹುಳಿಯವಲಕ್ಕಿಗೆ ಗೊಜ್ಜು ಎಲ್ಲ ಡಬ್ಬಿಗೆ ಸೇರಿತ್ತು. ರದ್ದಾಯಿತು ಅಂದಾಗ ಅವರು ಮೊದಲು ಕೇಳಿದ್ದು ‘ಆ ಹೆಣ್ಣುಮಕ್ಕಳ ಗತಿ ಏನಮ್ಮಾ?’ ಅಂತ. ಗಂಡಂದಿರನ್ನು ಕಣ್ಣೆದುರೇ ಕಳೆದುಕೊಂಡವರ ಬಗ್ಗೆ. ಆಮೇಲೆ ಒಳಗೆ ಹೋಗಿ ಅತ್ತರು. ಆ ಅಳು ಸತ್ತವರಿಗೂ ಇತ್ತು, ತಮ್ಮ ಆಸೆಗೂ ಇತ್ತು ಅಂತ ನನಗನ್ನಿಸುತ್ತೆ. ಎರಡೂ ನಿಜವಾದ ದುಃಖವೇ. ದೊಡ್ಡ ದುಃಖದ ಎದುರು ಚಿಕ್ಕದನ್ನು ಬಾಯಿ ಮುಚ್ಚಿಸಬೇಕಾಗಿಲ್ಲ.

ಮನೆಯ ಹಿರಿಯರಿಗೆ ‘ಜೀವ ಉಳೀತಲ್ಲ, ಇನ್ನೇನು’ ಅಂತ ಹೇಳಿ ಮಾತು ಮುಗಿಸಬೇಡಿ. ಅವರಿಗೆ ಮುಂದಿನ ವರ್ಷ ಅನ್ನೋದು ನಮ್ಮಷ್ಟು ಸಲೀಸಲ್ಲ. ಮಂಡಿ ನೋವು ಇವತ್ತು ಇಷ್ಟಿದೆ, ಮುಂದೆ ಎಷ್ಟಿರುತ್ತೋ. ಸಾಧ್ಯವಾದರೆ ಹಿಮ ಇರುವ ಬೇರೆ ಜಾಗದ ದಿನಾಂಕವನ್ನು ಅವರ ಎದುರೇ ಕೂತು ಗೊತ್ತು ಮಾಡಿ.

ಮಕ್ಕಳಿಗೆ ಏನಂತ ಹೇಳೋದು?

ನಿಜ ಹೇಳಿ, ಅವರ ವಯಸ್ಸಿಗೆ ತಕ್ಕಷ್ಟು. ‘ಅಲ್ಲಿ ಕೆಟ್ಟವರು ಜನರಿಗೆ ತೊಂದರೆ ಕೊಟ್ಟಿದ್ದಾರೆ, ಪೊಲೀಸರು, ಸೈನಿಕರು ನೋಡಿಕೊಳ್ಳುತ್ತಿದ್ದಾರೆ, ಅದಕ್ಕೆ ಈಗ ಹೋಗ್ತಿಲ್ಲ.’ ಟಿವಿ ಆರಿಸಿ. ಒಂದು ಊರಿನವರೆಲ್ಲ, ಒಂದು ಧರ್ಮದವರೆಲ್ಲ ಕೆಟ್ಟವರು ಅನ್ನುವ ಮಾತು ಮನೆಯಲ್ಲಿ ಆಡಬೇಡಿ. ಪ್ರವಾಸಿಗರನ್ನು ಉಳಿಸಲು ಹೋಗಿ ಅಲ್ಲಿನ ಕುದುರೆ ಸವಾರಿಯ ಯುವಕನೊಬ್ಬನೂ ಆ ದಿನ ಸತ್ತ. ಇದನ್ನೂ ಮಕ್ಕಳಿಗೆ ಹೇಳಿ.

ದಾಲ್ ಸರೋವರದ ಹೌಸ್‌ಬೋಟ್‌ನವರಿಗೆ ನೇರವಾಗಿ ಅಡ್ವಾನ್ಸ್ ಕಳಿಸಿದ್ದೆವು. ವಾಪಸ್ ಕೇಳೋದಾ?

ದೊಡ್ಡ ಮೊತ್ತವಾದರೆ, ನಿಮಗೆ ಅಗತ್ಯವಿದ್ದರೆ ಕೇಳಿ. ಅದರಲ್ಲಿ ಸಂಕೋಚ ಬೇಡ. ಚಿಕ್ಕ ಮೊತ್ತವಾದರೆ, ಮತ್ತೆ ಹೋಗುವ ಮನಸ್ಸಿದ್ದರೆ, ಮುಂದಿನ ಸಲಕ್ಕೆ ಇಟ್ಟುಕೊಳ್ಳಿ ಅಂತ ಹೇಳಬಹುದು. ಏಪ್ರಿಲ್, ಮೇ ಅವರಿಗೆ ಸುಗ್ಗಿ. ಕಾವೇರಿ ನೀರು ಬಿಡದ ವರ್ಷ ಮಂಡ್ಯದ ರೈತನಿಗೆ ಏನಾಗುತ್ತೋ ಪ್ರವಾಸಿಗರು ಬಾರದ ಬೇಸಿಗೆಯಲ್ಲಿ ಅವರಿಗೂ ಅದೇ ಆಗುತ್ತೆ. ಸಾಲ ಮಾಡಿ ದೋಣಿಗೆ ಬಣ್ಣ ಬಳಿಸಿ ಕೂತಿರುತ್ತಾರೆ. ನಾವು ಮಾತಾಡಿದ ಮನುಷ್ಯ ‘ನೀವು ಬರದಿದ್ದರೂ ಫೋನ್ ಮಾಡಿದಿರಲ್ಲ’ ಅಂದರು. ನಮ್ಮ ಅಡ್ವಾನ್ಸ್ ಅಲ್ಲೇ ಇದೆ. ಎಷ್ಟು, ಯಾವ ತಿಂಗಳಿಗೆ ಅನ್ನೋದನ್ನು ಮೆಸೇಜ್‌ನಲ್ಲಿ ಬರೆದುಕೊಂಡಿದ್ದೇವೆ.

ರಜೆ ಹಾಕಿಯಾಗಿದೆ. ಈಗ ಎಲ್ಲಿಗೆ ಹೋಗೋದು?

ಮೈಸೂರಿನವರಿಗೆ ಅದೇ 1892ರ ಝೂ, ಅದೇ ಬೆಟ್ಟ, ಅದೇ ಬೃಂದಾವನ ಅನ್ನಿಸುತ್ತೆ ಅಂತ ಗೊತ್ತು. ಆದರೆ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಸೋಮನಾಥಪುರದ ದೇಗುಲವನ್ನು ಎಷ್ಟು ಜನ ನಿಧಾನವಾಗಿ ನೋಡಿದ್ದೇವೆ? ಅಲ್ಲಿಂದ ತಲಕಾಡಿಗೆ ಹೋಗಿ ಮಕ್ಕಳನ್ನು ಮರಳಿನಲ್ಲಿ ಬಿಟ್ಟರೆ ಒಂದು ದಿನ ಸಾಕಾಗಲ್ಲ. ಬೆಳಿಗ್ಗೆ ಬೇಗ ಮೇಲುಕೋಟೆ ಹತ್ತಿ, ಬರುವಾಗ ಪುಳಿಯೋಗರೆ ತಿಂದು ಬನ್ನಿ. ಕಾಶ್ಮೀರಕ್ಕೆ ಇದು ಸಮ ಅಂತ ನಾನು ಹೇಳಲ್ಲ. ರಜೆಯಂತೂ ಹಾಳಾಗಲ್ಲ.

ಮತ್ತೆ ಯಾವಾಗ ಬುಕ್ ಮಾಡಬಹುದು?

ದಾಳಿಯ ನಂತರ ಜಮ್ಮು ಕಾಶ್ಮೀರ ಸರ್ಕಾರ 87 ಪ್ರವಾಸಿ ತಾಣಗಳಲ್ಲಿ 48ನ್ನು ಮುಚ್ಚಿತ್ತು. ಜೂನ್‌ನಲ್ಲಿ 16 ತೆರೆಯಿತು, ಆಮೇಲೆ ಇನ್ನಷ್ಟು. ಅಮರನಾಥ ಯಾತ್ರೆ ಅದೇ ವರ್ಷ ಜುಲೈ 3ಕ್ಕೆ ಶುರುವಾಯಿತು. ಕೈಲಾಸ ಮಾನಸ ಸರೋವರ ಯಾತ್ರೆಯಂತೂ 2020ರಿಂದ ನಿಂತಿದ್ದದ್ದು 2025ರ ಜೂನ್‌ನಲ್ಲಿ ಮತ್ತೆ ಹೊರಟಿತು. ರದ್ದಾದದ್ದು ತಿರುಗಿ ಶುರುವಾಗುತ್ತೆ, ಒಂದೊಂದಕ್ಕೆ ಒಂದೊಂದು ಕಾಲ.

ನನ್ನ ಸಲಹೆ ಇಷ್ಟು. ಪ್ಯಾಕೇಜ್ ಪಟ್ಟಿಯಲ್ಲಿರುವ ಒಂದೊಂದು ಜಾಗವೂ ತೆರೆದಿದೆಯಾ ಅಂತ ಅಲ್ಲಿನ ಹೋಟೆಲ್‌ಗೇ ಫೋನ್ ಮಾಡಿ ಕೇಳಿ. ವಿಮಾನದ ಎಲ್ಲ ತುಂಡುಗಳೂ ಒಂದೇ ಪಿಎನ್‌ಆರ್‌ನಲ್ಲಿರಲಿ, ಸ್ವಲ್ಪ ದುಬಾರಿಯಾದರೂ ಸರಿ. ಹೋಟೆಲ್‌ಗೆ ಹೋದಮೇಲೆ ದುಡ್ಡು ಕಟ್ಟುವ ಹಾಗಿದ್ದರೆ ಅದನ್ನೇ ಆರಿಸಿ. ಏಜೆನ್ಸಿಗೆ ಒಮ್ಮೆಗೇ ಪೂರ್ತಿ ಕೊಡದೆ ಕಂತಿನಲ್ಲಿ ಕೊಡಿ, ಕೊನೆಯ ಕಂತು ಹೊರಡುವ ವಾರಕ್ಕೆ ಇರಲಿ. ಕಟ್ರಾದಿಂದ ಶ್ರೀನಗರಕ್ಕೆ 2025ರ ಜೂನ್‌ನಿಂದ ವಂದೇ ಭಾರತ್ ರೈಲು ಓಡುತ್ತಿದೆ, ವಿಮಾನ ತಪ್ಪಿದರೆ ಅದೊಂದು ದಾರಿ. ನಮ್ಮತ್ತೆಗೆ ಚೆನಾಬ್ ಸೇತುವೆಯ ಚಿತ್ರ ತೋರಿಸಿದ ಮೇಲೆ ಅವರು ರೈಲೇ ಬೇಕು ಅನ್ನುತ್ತಿದ್ದಾರೆ.